ಪಟ್ಟಿ ಮೊದಲು, ಬಣ್ಣ ಕೊನೆಗೆ: ಮನೆಯಲ್ಲೇ ತಯಾರಾಗುವ ಫೋಮ್ ಕವಚ

ಕನ್ನಡಿ ಮುಂದೆ ನೆಟ್ಟಗೆ ನಿಂತಾಗ ಯಾವ ಕವಚವೂ ಚೆನ್ನಾಗಿಯೇ ಕಾಣುತ್ತದೆ. ಕುರ್ಚಿಯಲ್ಲಿ ಕೂತ ಕೂಡಲೇ ಎದೆಯ ಭಾಗ ಮೇಲೆದ್ದು ಗಂಟಲಿಗೆ ಒತ್ತುತ್ತದೆ, ತೊಡೆಯ ಕೊಳವೆ ಜಾರಿ ಮಂಡಿಗೆ ಬೀಳುತ್ತದೆ, ಕೈ ಮಡಚಿದರೆ ಮುಂಗೈ ಕವಚದ ಅಂಚು ತೋಳಿನ ಮಾಂಸ ಕಚ್ಚುತ್ತದೆ. ವೈಜ್ಞಾನಿಕ ಕಥೆಗಳ ಯೋಧನ ವೇಷ ಕಟ್ಟುವವರು ಹೆಚ್ಚು ಸಮಯ ಕಳೆಯುವುದು ಬಣ್ಣದ ಮೇಲೆ, ಕಡಿಮೆ ಗಮನ ಕೊಡುವುದು ಯಾವ ತುಂಡು ಮೈಮೇಲೆ ಎಲ್ಲಿಂದ ನೇತಾಡುತ್ತದೆ ಎಂಬುದಕ್ಕೆ. ಇದು ತಿರುಗುಮುರುಗಾಗಬೇಕು. ಪ್ರತಿ ತುಂಡನ್ನು ಮೈಗೆ ಕಟ್ಟುವ ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಕಾಗದದ ಮೇಲೆ ತೀರ್ಮಾನವಾದ ಮೇಲೆಯೇ ಫೋಮ್‌ಗೆ ಬ್ಲೇಡ್ ತಾಗಬೇಕು.

ಮನೆಯಲ್ಲಿ ಮಾಡುವವರಿಗೆ ಇವಿಎ ಫೋಮ್‌ನಷ್ಟು, ಅಂದರೆ ಚಪ್ಪಲಿ, ನೆಲಹಾಸುಗಳಲ್ಲಿ ಬಳಸುವ ರಬ್ಬರಿನಂಥ ಹಾಳೆಯಷ್ಟು, ಒಗ್ಗುವ ವಸ್ತು ಬೇರೆ ಇಲ್ಲ. ಹಗುರ, ಬಾಗುತ್ತದೆ, ಬಿದ್ದರೆ ಒಡೆಯುವುದಿಲ್ಲ, ಕಾಯಿಸಿದರೆ ಹೇಳಿದ ಆಕಾರಕ್ಕೆ ಬರುತ್ತದೆ. ಎದೆ, ಬೆನ್ನು, ಭುಜ, ತೊಡೆಗೆ 10 ಮಿಲಿಮೀಟರ್ ದಪ್ಪದ್ದು. ಮುಂಗೈ, ಹೊಟ್ಟೆಯ ಪದರ, ಕೈಬೆರಳ ಮೇಲಿನ ತುಂಡುಗಳಿಗೆ 5 ಅಥವಾ 6 ಮಿಲಿಮೀಟರ್. ಮೇಲಿನ ಗೆರೆ, ಅಂಚುಪಟ್ಟಿ, ಸಣ್ಣ ಅಲಂಕಾರಕ್ಕೆ 2 ಮಿಲಿಮೀಟರ್. ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಿ. ಗುರುತು ಕೆಲವೇ ಕ್ಷಣದಲ್ಲಿ ಮಾಯವಾದರೆ ಸರಿ, ಹಳ್ಳ ಹಾಗೇ ಉಳಿದರೆ ಅದು ಕವಚಕ್ಕೆ ತೀರಾ ಮೆತ್ತಗಿನದು. 3ಡಿ ಪ್ರಿಂಟ್ ಮಾಡುವ ಸೌಕರ್ಯವಿದ್ದರೆ ಅದನ್ನು ಹೆಲ್ಮೆಟ್‌ಗೂ ಸಣ್ಣ ಗಟ್ಟಿ ಬಿಡಿಭಾಗಗಳಿಗೂ ಇಟ್ಟುಕೊಳ್ಳಿ, ಮೈ ಬಾಗುವ ಕಡೆ ಬೇಡ. 3ಡಿ ಪ್ರಿಂಟಿಗೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ ಎಂಬುದೂ ನೆನಪಿರಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದು ಸೊಟ್ಟಗಾಗುತ್ತದೆ.

ಅಳತೆಗೆ ಟೇಪು ಸಾಲದು, ಮೈಯ ಅಚ್ಚೇ ಬೇಕು. ಕವಚದ ಒಳಗೆ ತೊಡುವ ಬಿಗಿ ಉಡುಪು, ಅದರ ಮೇಲೆ ಒಂದು ಹಳೆಯ ಟೀ ಶರ್ಟ್ ಹಾಕಿ ನಿಂತುಕೊಂಡು, ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಇನ್ನೊಬ್ಬರಿಂದ ಸುತ್ತಿಸಿಕೊಳ್ಳಿ. ಅದರ ಮೇಲೆ ಮಾಸ್ಕಿಂಗ್ ಟೇಪಿನ ಎರಡು ಪದರ, ಒಂದು ಅಡ್ಡ, ಒಂದು ಉದ್ದ. ಎದೆಗೆ ಟೇಪ್ ಹಚ್ಚುವಾಗ ಉಸಿರನ್ನು ಪೂರ್ತಿ ಒಳಗೆಳೆದಿರಬೇಕು, ಇಲ್ಲದಿದ್ದರೆ ಮುಗಿದ ಕವಚದೊಳಗೆ ಆಳವಾಗಿ ಉಸಿರಾಡಲು ಜಾಗ ಇರುವುದಿಲ್ಲ. ಕುತ್ತಿಗೆಗೆ ಎಂದೂ ಸುತ್ತಬೇಡಿ. ಟೇಪಿನ ಮೇಲೆ ಕವಚದ ಗೆರೆಗಳನ್ನು ಮಾರ್ಕರ್‌ನಿಂದ ಬರೆದು, ಪ್ರತಿ ಜೋಡಣೆಗೆ ಅಡ್ಡಲಾಗಿ 5 ಸೆಂಟಿಮೀಟರಿಗೊಂದು ಗುರುತು ಹಾಕಿ, ತುಂಡುಗಳಿಗೆ ಸಂಖ್ಯೆ ಕೊಟ್ಟು, ಮೊಂಡು ತುದಿಯ ಕತ್ತರಿಯಿಂದ ಬಿಡಿಸಿ ತೆಗೆಯಿರಿ. ಮಟ್ಟಸವಾಗಿ ಕೂರದ ತುಂಡಿಗೆ ಅದು ಮುದುಡುವ ಕಡೆ ದರ್ಜಿಗಳಂತೆ ಡಾರ್ಟ್ ಕತ್ತರಿಸಿ. ಆ ಬೆಣೆಯಾಕಾರದ ಸೀಳು ಫೋಮ್‌ನಲ್ಲಿ ಮತ್ತೆ ಮುಚ್ಚಿದಾಗಲೇ ಉಬ್ಬು ಹುಟ್ಟುವುದು. ಮೈಯ ಎಡ ಬಲ ಒಂದೇ ಸಮ ಇರುವುದಿಲ್ಲವಾದ್ದರಿಂದ ಒಂದು ಬದಿಯ ಅಚ್ಚನ್ನೇ ತಿರುಗಿಸಿ ಎರಡಕ್ಕೂ ಬಳಸಿ. ಕೈಕಾಲಿಗೆ ಮಾತ್ರ ದಪ್ಪಗಿರುವ ಬದಿಯಿಂದ ಅಚ್ಚು ತೆಗೆಯಿರಿ.

ಮೊದಲ ಬಾರಿ ಮಾಡುವ ಬಹುತೇಕರು ಎಡವುವುದು ಇಲ್ಲಿಂದ ಮುಂದೆ. ಟೇಪಿನ ಅಚ್ಚು ಮೈಗೆ ಅಂಟಿಕೊಂಡ ಅಳತೆ, ಫೋಮ್‌ಗೆ ದಪ್ಪವಿದೆ. ಕೊಳವೆಯಾಗಿ ಬಾಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ದಪ್ಪದ ನಡುವಿನ ಗೆರೆ ಮಾತ್ರ ತನ್ನ ಉದ್ದ ಉಳಿಸಿಕೊಳ್ಳುತ್ತದೆ. ಆ ನಡುಗೆರೆ ಮೈಯಿಂದ ಅರ್ಧ ದಪ್ಪದಷ್ಟು ದೂರದಲ್ಲಿ ಸುತ್ತುವುದರಿಂದ, ಸುತ್ತಳತೆಗೆ ದಪ್ಪದ 3.14 ಪಟ್ಟು ಸೇರಿಸಬೇಕು. 6 ಮಿಲಿಮೀಟರ್ ಫೋಮ್‌ಗೆ ಸುಮಾರು 19 ಮಿಲಿಮೀಟರ್, 10ಕ್ಕೆ 31 ಮಿಲಿಮೀಟರ್. ಇದರ ಮೇಲೆ ಸಡಿಲಕ್ಕೆಂದು ಇನ್ನೊಂದು 20 ಮಿಲಿಮೀಟರ್. ಮೊಣಕೈ ಕೆಳಗೆ ಉಡುಪಿನ ಸಮೇತ 27 ಸೆಂಟಿಮೀಟರ್ ಇರುವ ಮುಂಗೈಗೆ 6 ಮಿಲಿಮೀಟರ್ ಫೋಮ್‌ನಲ್ಲಿ ಸುಮಾರು 31 ಸೆಂಟಿಮೀಟರ್ ಕತ್ತರಿಸಬೇಕೆಂದಾಯಿತು. ಅಚ್ಚಿನ ಅಳತೆಯನ್ನೇ ಫೋಮ್‌ಗೆ ಇಳಿಸಿದವರ ಕೈ ಜೋಮು ಹಿಡಿಯುವುದು ಈ 4 ಸೆಂಟಿಮೀಟರಿನ ಕೊರತೆಯಿಂದ.

ಮುಂಗೈಯಲ್ಲಿ ಇನ್ನೂ ಎರಡು ತೊಡಕಿವೆ. ಮಣಿಕಟ್ಟಿನ ತುದಿಯನ್ನು ಮಣಿಕಟ್ಟಿನ ಅಳತೆಗೆ ಮುಚ್ಚಿಬಿಟ್ಟರೆ ಕೈ ಒಳಗೆ ಹೋಗುವುದೇ ಇಲ್ಲ. ಹೆಬ್ಬೆರಳನ್ನು ಅಂಗೈಗೆ ಮಡಚಿ, ಗೆಣ್ಣುಗಳ ಸುತ್ತ ಅಳೆಯಿರಿ. ಆ ತುದಿ ಆ ಅಳತೆಗಿಂತ ಒಂದು ಸೆಂಟಿಮೀಟರ್ ದೊಡ್ಡದಿರಬೇಕು, ಇಲ್ಲವೇ ಒಳಬದಿಯಲ್ಲಿ ಉದ್ದಕ್ಕೂ ಸೀಳಿ ವೆಲ್ಕ್ರೋ ಹಾಕಬೇಕು. ಸೀಳುವುದೇ ಮೇಲು, ಕೈಗೆ ಬಿಗಿಯಾಗಿ ಕೂತು ತೆಳ್ಳಗೆ ಕಾಣುತ್ತದೆ. ಎರಡನೆಯದು ಮೇಲಿನ ಅಂಚು. ಮೊಣಕೈ ಮಡಚುವ ಗೆರೆಯಿಂದ ಎರಡು ಬೆರಳಗಲ ಕೆಳಗೇ ಅದು ನಿಲ್ಲಬೇಕು. ಒಳಬದಿಯಲ್ಲಿ ಅರ್ಧಚಂದ್ರದಂತೆ ಇನ್ನಷ್ಟು ತಗ್ಗಿಸಿದರೆ ಕೈ ಪೂರ್ತಿ ಮಡಚುತ್ತದೆ. ಹೊರಬದಿಯಲ್ಲಿ ಅಂಚು ಮೊಣಕೈವರೆಗೆ ಎತ್ತರವಾಗಿಯೇ ಇರಬಹುದು, ನೋಡುವವರ ಕಣ್ಣಿಗೆ ಬೀಳುವುದು ಅದೇ. ತೊಡೆಗೂ ಇದೇ ನಿಯಮ: ಹೊರಗೆ ಎತ್ತರ, ತೊಡೆಸಂದಿಯ ಬಳಿ ತಗ್ಗು. ಮುಂದಿನ ಅಂಚು ತೀರಾ ಮೇಲಿದ್ದರೆ ಕೂತಾಗ ಹೊಟ್ಟೆಗೆ ತಿವಿಯುತ್ತದೆ. ಎದೆಯ ತುಂಡು ಕೆಳ ಪಕ್ಕೆಲುಬಿನಲ್ಲೇ ಮುಗಿಯಲಿ. ಹೊಟ್ಟೆಗೆ ಬೇರೆಯೇ ಪದರಗಳಿರಲಿ. ಒಂದರೊಳಗೊಂದು 3 ಸೆಂಟಿಮೀಟರ್ ಸೇರಿ ಜಾರುವಂತಿದ್ದರೆ ಬಾಗಲು, ತಿರುಗಲು ಆಗುತ್ತದೆ.

ಇಷ್ಟನ್ನೂ ಮೊದಲು ದಪ್ಪ ರಟ್ಟಿನಲ್ಲಿ ಮಾಡಿ, ಟೇಪಿನಿಂದ ಜೋಡಿಸಿ ತೊಟ್ಟು ನೋಡಿ. ಕೂರುವುದು, ಕುಕ್ಕರಗಾಲಿನಲ್ಲಿ ಬಗ್ಗುವುದು, ಎರಡೂ ಕೈ ಮೇಲೆತ್ತುವುದು, ಮೆಟ್ಟಿಲು ಹತ್ತುವುದು, ಶೌಚಾಲಯಕ್ಕೆ ಹೋಗಿ ಬರಲು ಯಾವ ಯಾವ ತುಂಡು ಬಿಚ್ಚಬೇಕೆಂದು ಎಣಿಸುವುದು. ರಟ್ಟು ಹರಿದ ಜಾಗದಲ್ಲೇ ನಾಳೆ ಫೋಮ್‌ನ ಜೋಡಣೆಯೂ ಬಾಯಿ ಬಿಡುತ್ತದೆ.

ಕತ್ತರಿಸಲು ತುದಿ ಮುರಿದು ಹೊಸದಾಗುವ ಕಟ್ಟರ್ ಸಾಕು. ಆದರೆ ಬ್ಲೇಡ್ ಸದಾ ಹರಿತವಾಗಿರಬೇಕು. ಮೊಂಡು ಬ್ಲೇಡ್ ಫೋಮನ್ನು ಕೊಯ್ಯುವ ಬದಲು ಎಳೆಯುತ್ತದೆ, ಅಂಚು ಹಲ್ಲುಹಲ್ಲಾಗುತ್ತದೆ, ಆ ಹಲ್ಲು ಬಣ್ಣದ ಕೆಳಗೂ ಕಾಣುತ್ತದೆ. 10 ಮಿಲಿಮೀಟರನ್ನು ಒಂದೇ ಏಟಿಗೆ ಕತ್ತರಿಸಬೇಡಿ: ಮೊದಲು ದಾರಿ ತೋರುವ ತೆಳು ಗೀರು, ಆಮೇಲೆ ಒಂದೆರಡು ಎಳೆತ. ಬ್ಲೇಡ್ ನೇರವಾಗಿ ನಿಂತಿರಲಿ. ಚೂಪು ಮೂಲೆ ಬೇಕಾದಲ್ಲಿ ಮಾತ್ರ ಎರಡೂ ಅಂಚನ್ನು 45 ಡಿಗ್ರಿಗೆ ಓರೆಯಾಗಿ ಕೊಯ್ದರೆ ಜೋಡಿಸಿದಾಗ ಲಂಬಕೋನ ಬರುತ್ತದೆ.

ಅಂಟಿಸುವ ಮೊದಲು ಆಕಾರ ಕೊಡಬೇಕು. ಬಿಸಿ ಗಾಳಿ ಊದುವ ಹೀಟ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಕಾಯಿಸಿದಾಗ ಫೋಮ್‌ನ ಮಂಕು ಮೈಗೆ ತೆಳುವಾದ ಹೊಳಪು ಬರುತ್ತದೆ. ಅದೇ ಸೂಚನೆ. ಆಗ ದಪ್ಪ ಕೈಗವಸು ಹಾಕಿ, ಮಂಡಿಯ ಮೇಲೋ ದುಂಡನೆಯ ಪಾತ್ರೆಯ ಮೇಲೋ ಒತ್ತಿ, ತಣ್ಣಗಾಗುವವರೆಗೆ ಬಿಡದೆ ಹಿಡಿಯಿರಿ. ಗುಳ್ಳೆ ಎದ್ದರೆ ಹೆಚ್ಚು ಕಾದಿದೆ ಎಂದರ್ಥ, ಆ ತುಂಡು ಕುಗ್ಗಿ ಗುರುತುಗಳು ಹೊಂದುವುದಿಲ್ಲ. ಬಾಗಿದ ತುಂಡನ್ನು ಮೊದಲೇ ಬಾಗಿಸಿಟ್ಟರೆ ಜೋಡಣೆಯ ಮೇಲೆ ಎಳೆತವಿರುವುದಿಲ್ಲ. ಚಪ್ಪಟೆ ಫೋಮನ್ನು ಒತ್ತಾಯದಿಂದ ಕೊಳವೆ ಮಾಡಿ ಅಂಟಿಸಿದರೆ ಅದು ಹಗಲು ರಾತ್ರಿ ಬಿಚ್ಚಿಕೊಳ್ಳಲು ಎಳೆಯುತ್ತಲೇ ಇರುತ್ತದೆ.

ಕಾಂಟ್ಯಾಕ್ಟ್ ಅಂಟನ್ನು ಎರಡೂ ಬದಿಗೆ ತೆಳುವಾಗಿ ಹಚ್ಚಿ ಕಾಯಬೇಕು, ಸಾಮಾನ್ಯವಾಗಿ 10 ನಿಮಿಷದ ಆಸುಪಾಸು. ಬೆರಳು ತಾಗಿಸಿದರೆ ಅಂಟು ಬೆರಳಿಗೆ ಮೆತ್ತಬಾರದು. ಹಸಿಯಿರುವಾಗಲೇ ಒತ್ತಿದವರ ಜೋಡಣೆ ದಾರ ದಾರವಾಗಿ ಎಳೆದು ಬಿಟ್ಟುಕೊಳ್ಳುತ್ತದೆ, ಯಾಕೆಂದರೆ ಒಳಗೆ ಸಿಕ್ಕಿಬಿದ್ದ ದ್ರಾವಕ ಹೊರಬರಲು ದಾರಿಯಿಲ್ಲ. ಕೊಯ್ದ ಅಂಚಿನ ರಂಧ್ರಗಳು ಮೊದಲ ಲೇಪವನ್ನು ಹೀರಿಬಿಡುತ್ತವೆ, ಹಾಗಾಗಿ ಅಲ್ಲಿ ಎರಡು ಲೇಪ. ಒಮ್ಮೆ ತಾಗಿದ್ದು ಸರಿಸಲು ಬರುವುದಿಲ್ಲ: ಗುರುತಿಗೆ ಗುರುತು ಹೊಂದಿಸಿ, ಹೊರಮೈ ಸಮವಾಗಿರುವಂತೆ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹೋಗಿ. ಈ ಅಂಟಿನ ಆವಿ ತಲೆ ಸುತ್ತಿಸುತ್ತದೆ, ಬೆಂಕಿ ಬೇಗ ಹಿಡಿಯುತ್ತದೆ. ಕಿಟಕಿ ಬಾಗಿಲು ತೆರೆದಿರಲಿ, ಒಲೆ ದೀಪ ಹತ್ತಿರ ಬೇಡ, ಹೀಟ್ ಗನ್ ಆರಿಸಿರಲಿ. ದೂಳು ತಡೆಯುವ ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಸಾವಯವ ಆವಿ ಹೀರುವ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರೇ ಬೇಕು. ಫೋಮ್ ಉಜ್ಜುವಾಗ ಏಳುವ ಪುಡಿಗೂ ಮಾಸ್ಕ್, ಕನ್ನಡಕ ತಪ್ಪದೆ ಇರಲಿ.

ಈಗ ಪಟ್ಟಿ. ತೊಡೆ ಕೆಳಕ್ಕೆ ಹೋದಂತೆ ಸಣ್ಣದಾಗುವ ಅಂಗ. ಅದರ ಮೇಲಿನ ಕೊಳವೆ ಎಷ್ಟು ಬಿಗಿದರೂ ಜಾರುತ್ತದೆ, ಬಿಗಿದಷ್ಟೂ ಕಾಲಿಗೆ ನೋವು. ಮಧ್ಯಯುಗದ ಯುರೋಪಿನಲ್ಲಿ ಉಕ್ಕಿನ ಕಾಲುಕವಚವನ್ನು ದಪ್ಪ ಒಳಅಂಗಿಗೆ ದಾರಗಳಿಂದ ಕಟ್ಟಿ ನೇತುಹಾಕುತ್ತಿದ್ದರು. ಫೋಮ್‌ಗೂ ಅದೇ ಉಪಾಯ. ಸೊಂಟಕ್ಕೆ ಅಗಲವಾದ ಗಟ್ಟಿ ಬೆಲ್ಟ್, ಅದರಿಂದ ಪ್ರತಿ ತೊಡೆಗೆ 25 ಮಿಲಿಮೀಟರಿನ ಎರಡು ನೈಲಾನ್ ಪಟ್ಟಿ, ಒಂದು ಮುಂದೆ, ಒಂದು ಹೊರಬದಿಗೆ. ಎದೆ ಬೆನ್ನುಗಳು ಭುಜದ ಪಟ್ಟಿಯಿಂದ ನೇತಾಡಲಿ, ಪಕ್ಕದಲ್ಲಿ ಎಲಾಸ್ಟಿಕ್ ಮತ್ತು ಬಕಲ್. ಉಸಿರಾಡುವಾಗ ಹಿಗ್ಗಲು ಎಲಾಸ್ಟಿಕ್ಕೇ ಬೇಕು. ಭುಜದ ಗುಬುಟನ್ನು ಎದೆಯ ತುಂಡಿಗೆ ಗಟ್ಟಿಯಾಗಿ ಅಂಟಿಸಬೇಡಿ, 4 ಸೆಂಟಿಮೀಟರ್ ಅಗಲದ ಎಲಾಸ್ಟಿಕ್‌ನಿಂದ ತೂಗುಹಾಕಿ, ತೋಳಿಗೆ ಇನ್ನೊಂದು ಸುತ್ತುಪಟ್ಟಿ ಕೊಡಿ. ಆಗ ಕೈ ಎತ್ತಿದರೆ ಗುಬುಟು ಜೊತೆಗೇ ಏಳುತ್ತದೆ. ಮೀನಖಂಡದ ತುಂಡು ಮಾತ್ರ ಬೂಟಿನ ಮೇಲೆ ಕೂರಬಹುದು, ಅದಕ್ಕೆ ನೇತುಪಟ್ಟಿ ಬೇಡ.

ಪಟ್ಟಿಯ ತುದಿಯನ್ನು ಹಾಗೇ ಫೋಮ್‌ಗೆ ಅಂಟಿಸಿದರೆ ಅಂಟು ಬಿಡುವ ಮೊದಲು ಫೋಮ್‌ನ ಮೇಲ್ಪದರವೇ ಸುಲಿದು ಬರುತ್ತದೆ. ಪಟ್ಟಿಯ ಕನಿಷ್ಠ 5 ಸೆಂಟಿಮೀಟರ್ ಭಾಗವನ್ನು ಅಂಟಿಸಿ, ಅದರ ಮೇಲೆ ಅಂಗೈಯಗಲದ 2 ಮಿಲಿಮೀಟರ್ ಫೋಮ್ ಅಥವಾ ಗಟ್ಟಿ ಬಟ್ಟೆಯ ತೇಪೆ ಹಾಕಿ. ಎಳೆತ ಆಗ ಅಗಲಕ್ಕೆ ಹರಡುತ್ತದೆ. ಇದೆಲ್ಲ ಬಣ್ಣಕ್ಕೆ ಮೊದಲೇ ಮುಗಿಯಬೇಕು. ಬಣ್ಣದ ಮೇಲೆ ಹಚ್ಚಿದ ಅಂಟು ಹಿಡಿಯುವುದು ಬಣ್ಣವನ್ನು, ಫೋಮನ್ನಲ್ಲ. ಮೊದಲ ಎಳೆತಕ್ಕೇ ಬಣ್ಣದ ಪೊರೆ ಸಮೇತ ಕಿತ್ತು ಬರುತ್ತದೆ.

ಬಣ್ಣದ ವಿಷಯ ಬೇಗ ಹೇಳಬಹುದು. ಸಂದುಗಳಿಗೆ ಬಾಗುವ ಅಕ್ರಿಲಿಕ್ ಸೀಲಂಟ್ ತುಂಬಿ ಒದ್ದೆ ಬೆರಳಿನಿಂದ ಸವರಿ. ಒಣಗಿದಾಗ ಅದು ತಗ್ಗುವುದರಿಂದ ಇನ್ನೊಂದು ಸಲ. 120ನೇ ನಂಬರಿನ, ಆಮೇಲೆ 240ರ ಸ್ಯಾಂಡ್ ಪೇಪರ್. ಉಜ್ಜಿ ತೆರೆದ ರಂಧ್ರಗಳ ಮೇಲೆ ಹೀಟ್ ಗನ್ ದೂರದಿಂದ, ಬೇಗ ಬೇಗ ಆಡಿಸಿ. ಹೆಚ್ಚಾದರೆ ಜೋಡಣೆಯ ಅಂಟು ಮೆತ್ತಗಾಗುತ್ತದೆ. ಮೇಲೆ ರಬ್ಬರ್ ಸ್ಪ್ರೇಯ ಮೂರು ನಾಲ್ಕು ತೆಳು ಲೇಪ. ಇದನ್ನು ಬಿಟ್ಟು ನೇರ ಬಣ್ಣ ಹೊಡೆದರೆ ಫೋಮ್ ಕುಡಿಯುತ್ತಲೇ ಇರುತ್ತದೆ. ಲೋಹದ ಬಣ್ಣಕ್ಕೆ ಕೆಳಗೆ ಹೊಳೆಯುವ ಕಪ್ಪು ಇದ್ದರೆ ಆಳ ಬರುತ್ತದೆ. ನೀರಾಗಿಸಿದ ಕಪ್ಪು, ಕಂದು ಬಣ್ಣವನ್ನು ಸಂದುಗಳಿಗೆ ಬಳಿದು ಒರೆಸಿ, ಅಂಚುಗಳಿಗೆ ಒಣ ಬ್ರಷ್‌ನಿಂದ ಬೆಳ್ಳಿ ತಾಗಿಸಿದರೆ ಯುದ್ಧ ಕಂಡ ಕವಚವಾಗುತ್ತದೆ.

ಹೆಲ್ಮೆಟ್‌ಗೆ ತಲೆಯ ಸುತ್ತಳತೆಯೊಂದೇ ಸಾಲದು. ಮೂಗಿನ ತುದಿಯಿಂದ ತಲೆಯ ಹಿಂಭಾಗಕ್ಕೆ, ಕಿವಿಯಿಂದ ಕಿವಿಗೆ ಅಳೆಯಿರಿ. ಕೆಳಬಾಯಿ ಅದಕ್ಕಿಂತ ಚಿಕ್ಕದಿದ್ದರೆ ಹೆಲ್ಮೆಟ್ ತೊಡಲಾಗದು, ಹಿಂಭಾಗವನ್ನು ಸೀಳಿ ಆಯಸ್ಕಾಂತದಿಂದ ಮುಚ್ಚಬೇಕು. ಅಂಟಿಸುವ ಮೊದಲು ಆಯಸ್ಕಾಂತದ ಯಾವ ಮುಖ ಯಾವುದನ್ನು ಸೆಳೆಯುತ್ತದೆಂದು ಮಾರ್ಕರ್‌ನಿಂದ ಗುರುತಿಡಿ. ಒಳಗೆ ಸುತ್ತಲೂ 2 ಸೆಂಟಿಮೀಟರ್ ಜಾಗವಿರಲಿ, ಮೆತ್ತೆಯನ್ನು ಹಣೆ, ನೆತ್ತಿ, ಹಿಂತಲೆಗೆ ಮಾತ್ರ ಕೊಟ್ಟು ಉಳಿದ ಕಡೆ ಗಾಳಿ ಆಡಲು ಬಿಡಿ. ಮುಖಗಾಜು ಮಬ್ಬಾಗುವುದು ಉಸಿರಿನ ತೇವದಿಂದ. 40 ಮಿಲಿಮೀಟರಿನ 5 ವೋಲ್ಟ್ ಫ್ಯಾನ್ ಗಲ್ಲದ ಬಳಿ ಹೊರಗಾಳಿ ಎಳೆದು ಗಾಜಿನ ಮೇಲೆ ಹಾಯಿಸಲಿ, ಮೇಲ್ಗಡೆ ಹೊರಹೋಗುವ ಕಂಡಿ ಇರಲಿ. ತಲಾ 0.15 ಆಂಪಿಯರ್‌ನ ಎರಡು ಫ್ಯಾನ್‌ಗಳನ್ನು 5,000 ಎಂಎಎಚ್ ಪವರ್ ಬ್ಯಾಂಕ್ ಹತ್ತು ತಾಸಿನ ಆಸುಪಾಸು ನಡೆಸುತ್ತದೆ. ಎರಡು ಮೂರು ಎಲ್‌ಇಡಿ ಮಾತ್ರ ಹಾಕಿದ ಕವಚದ ದೀಪ ಅರ್ಧ ನಿಮಿಷಕ್ಕೆ ಆರಿಹೋದರೆ ವೈರಿಂಗ್ ಕೆದಕುವ ಮೊದಲು ಪವರ್ ಬ್ಯಾಂಕ್ ನೋಡಿ: ಎಳೆಯುವ ವಿದ್ಯುತ್ ತೀರಾ ಕಡಿಮೆಯಿದ್ದರೆ ಅನೇಕ ಪವರ್ ಬ್ಯಾಂಕ್‌ಗಳು ತಾವೇ ಆಫ್ ಆಗುತ್ತವೆ. ಬಿಳಿ ಎಲ್‌ಇಡಿಗೆ 5 ವೋಲ್ಟ್‌ನಲ್ಲಿ ಒಂದೊಂದಕ್ಕೂ ವಿದ್ಯುತ್ ಹರಿವನ್ನು ಮಿತಿಯಲ್ಲಿಡುವ 100 ಓಮ್ ರೆಸಿಸ್ಟರ್. ತುಂಡು ತುಂಡಿಗೂ ನಡುವೆ ವೈರ್‌ಗೆ ಕನೆಕ್ಟರ್ ಇಡಿ.

ತೊಡುವ ಕ್ರಮ ಕೆಳಗಿನಿಂದ ಮೇಲಕ್ಕೆ: ಬೂಟು, ಮೀನಖಂಡ, ಬೆಲ್ಟಿನ ಸಮೇತ ತೊಡೆ, ಆಮೇಲೆ ಹೊಟ್ಟೆ, ಎದೆ, ಬೆನ್ನು, ಭುಜ. ಎದೆಯ ತುಂಡು ಹಾಕಿದ ಮೇಲೆ ಬೂಟಿನ ಲೇಸ್ ಕಟ್ಟಲು ಬಗ್ಗಲಾಗುವುದಿಲ್ಲ. ಕೈಗವಸಿನ ಬಾಯಿ ಮುಂಗೈ ಕವಚದೊಳಗೆ ಹೋಗುವಂತಿದ್ದರೆ ಕೈಗವಸು ಮೊದಲು. ಹೆಲ್ಮೆಟ್ ಕೊನೆಗೆ. ಅರ್ಧ ಗಂಟೆಗೊಮ್ಮೆ ಹೆಲ್ಮೆಟ್ ತೆಗೆದು ನೀರು ಕುಡಿಯಿರಿ; ಫೋಮ್ ಶಾಖವನ್ನು ಹೊರಬಿಡುವುದಿಲ್ಲ, ಒಳಗಿರುವವರಿಗೆ ಸುಸ್ತು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಜೊತೆಗಿರುವವರ ಚೀಲದಲ್ಲಿ ಸಣ್ಣ ಟ್ಯೂಬ್ ಅಂಟು, ಎರಡು ಬಕಲ್, ಒಂದು ಗೇಣು ವೆಲ್ಕ್ರೋ, ಟೇಪ್, ಪಿನ್ನು, ಕತ್ತರಿ ಇರಲಿ.

ಕಳಚಿದ ಮೇಲೆ ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಿಸಿ. ಒಂದರ ಮೇಲೊಂದು ಪೇರಿಸಿಡಬೇಡಿ, ಕೆಳಗಿನ ತುಂಡು ಚಪ್ಪಟೆಯಾಗಿ ಹಾಗೇ ಉಳಿಯುತ್ತದೆ. ಎದೆ ಬೆನ್ನು ಅಗಲವಾದ ಹ್ಯಾಂಗರ್‌ನಲ್ಲಿ ತೂಗಲಿ, ಕೊಳವೆಗಳೊಳಗೆ ಕಾಗದದ ಉಂಡೆ ತುಂಬಿ, ಪವರ್ ಬ್ಯಾಂಕ್ ಬಿಚ್ಚಿ ಬೇರೆ ಇಡಿ.