ಹೊಂಗೆ ಡೀಸೆಲ್: ಎಡವಟ್ಟು ಶುರುವಾಗುವುದು ಕಣದಲ್ಲೇ

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಪುಟ್ಟದೊಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತು. ಆದರೆ ಹಸಿ ಎಣ್ಣೆ ಮಂದ. ಹೊಂಗೆ ಎಣ್ಣೆಯಂತೂ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಮೂತಿಯಲ್ಲಿ ಮಸಿ ಗಟ್ಟಿಯಾಗಿ ಕೂರುತ್ತದೆ. ಎಣ್ಣೆಗೆ ಆಲ್ಕೋಹಾಲ್ ಸೇರಿಸಿ, ಗ್ಲಿಸರಿನ್ ಬೇರ್ಪಡಿಸಿ ತೆಳುವಾಗಿಸುವ, ಅಂದರೆ ಬಯೋಡೀಸೆಲ್ ಮಾಡುವ ವಿಧಾನಕ್ಕೆ 1937ರಲ್ಲಿ ಬೆಲ್ಜಿಯಂನಲ್ಲಿ ಪೇಟೆಂಟ್ ಸಿಕ್ಕಿತು.

ನಮ್ಮಲ್ಲಿ ಸೀಮೆಎಣ್ಣೆ ಬರುವ ಮೊದಲು ದೀಪಕ್ಕೆ ಹೊಂಗೆ ಎಣ್ಣೆ, ಹೊಲಕ್ಕೆ ಅದರ ಹಿಂಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ತಂಡ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯನ್ನೇ ಜನರೇಟರಿಗೆ ಹಾಕಿ ಕೊಳವೆಬಾವಿ ಪಂಪು ಓಡಿಸಿ ತೋರಿಸಿತು. ದೆಹಲಿ ಮಾತ್ರ 2003ರಲ್ಲಿ ಕಾಡುಹರಳಿನ (ಜಟ್ರೋಫಾ) ಬೆನ್ನು ಹತ್ತಿತು. ಅದು ಬರಡು ನೆಲದಲ್ಲೂ ಬದುಕುತ್ತದೆ, ನಿಜ; ಬದುಕುವುದು ಬೇರೆ, ಕಾಯಿ ಬಿಡುವುದು ಬೇರೆ. ನೀರು, ಗೊಬ್ಬರ ಕಾಣದ ಗಿಡ ಸೊಪ್ಪಿನಲ್ಲೇ ನಿಂತಿತು. 2009ರ ರಾಷ್ಟ್ರೀಯ ನೀತಿ 2017ಕ್ಕೆ ಡೀಸೆಲ್ಲಿನಲ್ಲಿ 20% ಬಯೋಡೀಸೆಲ್ ಮಿಶ್ರಣ ಎಂದಿತ್ತು. 2018ರ ನೀತಿ 2030ಕ್ಕೆ 5% ಎಂದು ಇಳಿಯಿತು. ಹಾಸನದ ಮಡೆನೂರಿನ ಜೈವಿಕ ಇಂಧನ ಪಾರ್ಕ್ ಹಿಡಿದ ದಾರಿ ನಮಗೆ ಹೆಚ್ಚು ಸರಿಯೆನಿಸುತ್ತದೆ: ಬೆಳೆಯ ಜಾಗ ಮುಟ್ಟದೆ, ಬದುವಿನ ಮೇಲೆ ಹೊಂಗೆ, ಹಿಪ್ಪೆ, ಬೇವು.

ಗಾಣದಲ್ಲಿ ಸುಮಾರು 4 ಕಿಲೋ ಹೊಂಗೆ ಬೀಜಕ್ಕೆ 1 ಲೀಟರ್ ಎಣ್ಣೆ. ಬೀಜವನ್ನು ಕಣದಲ್ಲಿ ಒದ್ದೆಯಾಗಿಯೇ ರಾಶಿ ಹಾಕಿದರೆ ಬೂಷ್ಟು ಹತ್ತಿ, ಅದರ ಲೈಪೇಸ್ ಕಿಣ್ವ ಎಣ್ಣೆಯನ್ನು ಒಡೆದು ಕೊಬ್ಬಿನಾಮ್ಲ ಬಿಡಿಸುತ್ತದೆ. ಆಮ್ಲ 2% ದಾಟಿದ ಎಣ್ಣೆಗೆ, ಡೀಸೆಲ್ ಆಗುವ ಕ್ರಿಯೆಗೆ ವೇಗ ಕೊಡುವ ಕಾಸ್ಟಿಕ್ ಸೋಡಾ ಹಾಕಿ ನೋಡಿ: ಡೀಸೆಲ್ ಬದಲು ಸೋಪು!

ಆದ್ದರಿಂದ ಮೊದಲು ಪರೀಕ್ಷೆ. 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ 1 ಮಿ.ಲೀ. ಎಣ್ಣೆ ಕರಗಿಸಿ, ಬಣ್ಣ ಬದಲಿಸಿ ಸೂಚನೆ ಕೊಡುವ ಫಿನಾಲ್ಫ್ತಲೀನ್ ಹನಿಸಿ, ಲೀಟರ್ ನೀರಿಗೆ 1 ಗ್ರಾಂ ಕಾಸ್ಟಿಕ್ ಸೋಡಾ ಇರುವ ದ್ರಾವಣವನ್ನು ಗುಲಾಬಿ ಬಣ್ಣ ನಿಲ್ಲುವವರೆಗೆ ಬಿಡಬೇಕು. ಎಷ್ಟು ಮಿ.ಲೀ. ಹಿಡಿಯಿತೋ, ಪ್ರತಿ ಲೀಟರ್ ಎಣ್ಣೆಗೆ 3.5 ಗ್ರಾಂ ಸೋಡಾದ ಮೇಲೆ ಅಷ್ಟೇ ಗ್ರಾಂ ಹೆಚ್ಚು. ಇದನ್ನು 200 ಮಿ.ಲೀ. ಮೆಥನಾಲ್‌ನಲ್ಲಿ ಕರಗಿಸಿ, ತೇವ ತೆಗೆದ ಎಣ್ಣೆಗೆ ಸೇರಿಸಿ, ಮುಚ್ಚಿದ ಪಾತ್ರೆಯಲ್ಲಿ 60 ಡಿಗ್ರಿಯಲ್ಲಿ ಒಂದು ಗಂಟೆ ಕಲಕಬೇಕು. 65ರ ಹೊತ್ತಿಗೆ ಮೆಥನಾಲ್ ಕುದಿಯುತ್ತದೆ. ಅದು ವಿಷ, ಆವಿಗೆ ಬೆಂಕಿ ತಗಲುವುದೂ ಬೇಗ. ರಾತ್ರಿ ಬಿಟ್ಟರೆ ಕಪ್ಪು ಗ್ಲಿಸರಿನ್ ತಳಕ್ಕೆ. ಮೇಲೆ ನಿಂತ ಡೀಸೆಲ್ಲನ್ನು ನೀರಿನಲ್ಲಿ ತೊಳೆಯಬೇಕು; ಮೊದಲ ತೊಳೆತದಲ್ಲೇ ಜೋರಾಗಿ ಕಲಕಿದರೆ ಮಜ್ಜಿಗೆಯಂತಾಗಿ ಬಿಡಿಸಲು ಬರುವುದಿಲ್ಲ. ಆಮ್ಲ ಜಾಸ್ತಿಯಿದ್ದರೆ ಮೊದಲು ಮೆಥನಾಲ್ ಜೊತೆ 1% ಗಂಧಕಾಮ್ಲದ ಸುತ್ತು; ಆಗ ಹುಟ್ಟುವ ನೀರನ್ನು ತೆಗೆದ ಮೇಲೆ ಸೋಡಾ.

ಬೋಂಡಾ ಕರಿದ ಎಣ್ಣೆಯ ಪಾಡೂ ಇದೇ. ಮತ್ತೆ ಮತ್ತೆ ಕಾಸಿದಾಗ ಎಣ್ಣೆ ಒಡೆದು ಹುಟ್ಟುವ ಪೋಲಾರ್ ಸಂಯುಕ್ತ 25% ಮೀರಿದ ಎಣ್ಣೆಯಲ್ಲಿ ಮತ್ತೆ ಕರಿಯುವಂತಿಲ್ಲ ಎಂಬ ನಿಯಮ 2018ರ ಜುಲೈನಲ್ಲಿ ಜಾರಿಯಾಯಿತು. ಆ ಎಣ್ಣೆಯನ್ನು ಬಯೋಡೀಸೆಲ್‌ಗೆ ತಿರುಗಿಸುವ ಯೋಜನೆಯೂ ಅದೇ ವರ್ಷದ್ದು. ಇಂಥ ಕೆಟ್ಟ ಎಣ್ಣೆಗೆ ಈಗಿನ ಹೊಸ ದಾರಿ ಕಿಣ್ವ. 40 ಡಿಗ್ರಿ ಆಸುಪಾಸಿನಲ್ಲೇ ಕೆಲಸ, ಸೋಪಿನ ಕಾಟವಿಲ್ಲ, ಕೊಬ್ಬಿನಾಮ್ಲವೂ ಇಂಧನವೇ ಆಗುತ್ತದೆ. ಬೆಲೆ ದುಬಾರಿ, ಮೆಥನಾಲ್ ಒಮ್ಮೆಗೇ ಸುರಿದರೆ ಕಿಣ್ವ ಸಾಯುತ್ತದೆ, ಕಂತಿನಲ್ಲೇ ಕೊಡಬೇಕು. ಆ ಕಿಣ್ವದ ಹೆಸರೂ ಲೈಪೇಸ್: ಒದ್ದೆ ರಾಶಿಯಲ್ಲಿ ಹೊಂಗೆ ಕೆಡಿಸಿದ ಅದೇ ಜಾತಿ.