ಎರಡು ಸುತ್ತು ಗೆದ್ದೂ ಪಂದ್ಯ ಸೋತ ಲೆಕ್ಕ

ಟೋಕಿಯೊ ಒಲಿಂಪಿಕ್ಸ್ ಬಾಕ್ಸಿಂಗ್, 2021. ಮೇರಿ ಕೋಮ್ ಎದುರು ಕೊಲಂಬಿಯಾದ ಇಂಗ್ರಿಟ್ ವೆಲೆನ್ಸಿಯಾ. ಐವರು ಜಡ್ಜ್‌ಗಳಲ್ಲಿ ನಾಲ್ವರು ಮೊದಲ ಸುತ್ತನ್ನು ವೆಲೆನ್ಸಿಯಾಗೆ ಕೊಟ್ಟರು. ಉಳಿದೆರಡು ಸುತ್ತು ಮೂವರ ಲೆಕ್ಕದಲ್ಲಿ ಮೇರಿಯದು. ಆದರೆ ಎರಡು ಸಲವೂ ಅದೇ ಮೂವರಲ್ಲ. ಪ್ರತಿ ಜಡ್ಜ್‌ನ ಲೆಕ್ಕವನ್ನು ಬೇರೆ ಬೇರೆಯಾಗಿ ಕೂಡಿಸಿದಾಗ ಗೆದ್ದದ್ದು ವೆಲೆನ್ಸಿಯಾ, 3-2ರಲ್ಲಿ.

ಸುತ್ತು ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಕೂದಲೆಳೆಯಲ್ಲಿ ಗೆದ್ದರೂ 10-9, ಆರಾಮಾಗಿ ಗೆದ್ದರೂ ಹೆಚ್ಚಾಗಿ 10-9. ನನ್ನ ಕೇಳಿದರೆ ಜಗಳದ ಬೇರು ಇಲ್ಲೇ ಇದೆ. ಜೊತೆಗೆ ಜಡ್ಜ್‌ಗಳು ರಿಂಗ್‌ನ ಬೇರೆ ಬೇರೆ ಬದಿಯಲ್ಲಿ ಕೂತಿರುತ್ತಾರೆ. ಎದುರಿಗೆ ಬಾಕ್ಸರ್‌ನ ಬೆನ್ನು ಅಡ್ಡ ಬಂದರೆ, ಗುದ್ದು ದವಡೆಗೆ ಬಿತ್ತೋ ಗ್ಲೌಸ್‌ಗೆ ತಾಗಿ ಜಾರಿತೋ ಗೊತ್ತಾಗುವುದಿಲ್ಲ. ಇನ್ನೊಂದು ಬದಿಯವರಿಗೆ ಅದೇ ಗುದ್ದು ನಿಚ್ಚಳ.

ಹಾಗಂತ ಎಲ್ಲವನ್ನೂ ಕಣ್ಣಿನ ಮೇಲೆ ಹಾಕುವಂತಿಲ್ಲ. 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಅವರ 86 ಗುದ್ದು ತಾಗಿದ್ದವು, ಆತಿಥೇಯರ ಪಾರ್ಕ್ ಸಿ-ಹುನ್ ಅವರವು 32. ಚಿನ್ನ ಪಾರ್ಕ್‌ಗೆ. ಅದೇ ಕೂಟದ ಅತ್ಯುತ್ತಮ ಬಾಕ್ಸರ್ ಪ್ರಶಸ್ತಿ ಮಾತ್ರ ಜೋನ್ಸ್‌ಗೆ!

ಆ ಗಲಾಟೆಯ ನಂತರ 1992ರ ಬಾರ್ಸಿಲೋನಾಕ್ಕೆ ಬಟನ್ ಬಂತು. ಗುದ್ದು ತಾಗಿದಾಗ ಐವರು ಜಡ್ಜ್‌ಗಳಲ್ಲಿ ಮೂವರು ಒಂದು ಸೆಕೆಂಡಿನೊಳಗೆ ಒತ್ತಿದರೆ ಒಂದು ಅಂಕ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಹತ್ತಿರ ನಿಂತು ಪಟಪಟನೆ ಹೊಟ್ಟೆಗೆ ಕೊಟ್ಟ ಏಟುಗಳ ಜೊತೆ ಬೆರಳುಗಳು ಓಡಲಿಲ್ಲ. ಬಾಕ್ಸರ್‌ಗಳೂ ಜಾಣರಾದರು. ಎಲ್ಲರಿಗೂ ಕಾಣುವಂತೆ ಒಂದು ನೇರ ಗುದ್ದು ಕೊಟ್ಟು ಹಿಂದೆ ಸರಿದರೆ ಸಾಕಿತ್ತು. ಆಟವೇ ಸಪ್ಪೆಯಾಯಿತು.

2013ರಲ್ಲಿ ಬಟನ್ ಬಿಟ್ಟು, ವೃತ್ತಿಪರರ 10 ಅಂಕದ ಪದ್ಧತಿ ಹಿಡಿದರು. ಅದರಲ್ಲೇನು ತಕರಾರು ಇರಲಿಲ್ಲವೇ? 1999ರ ಮಾರ್ಚ್‌ನ ಲೆನಾಕ್ಸ್ ಲೂಯಿಸ್, ಇವಾಂಡರ್ ಹೋಲಿಫೀಲ್ಡ್ ವೃತ್ತಿಪರ ಪಂದ್ಯದಲ್ಲಿ ಒಬ್ಬ ಜಡ್ಜ್‌ಗೆ ಲೂಯಿಸ್ ಗೆದ್ದಂತೆ ಕಂಡಿತ್ತು, ಇನ್ನೊಬ್ಬರಿಗೆ ಹೋಲಿಫೀಲ್ಡ್, ಮೂರನೆಯವರಿಗೆ ಇಬ್ಬರೂ ಸಮ. ಡ್ರಾ ಅಂದರು. ನೋಡಿದವರಲ್ಲಿ ಬಹುತೇಕರ ಪ್ರಕಾರ ಗೆದ್ದದ್ದು ಲೂಯಿಸ್.

2016ರ ರಿಯೊದಲ್ಲಿ ಮತ್ತೆ ರಂಪ. ಸೋತ ಐರ್ಲೆಂಡ್‌ನ ಮೈಕೆಲ್ ಕಾನ್ಲನ್ ಜಡ್ಜ್‌ಗಳಿಗೆ ಮಧ್ಯದ ಬೆರಳು ತೋರಿಸಿದರು. ಅಲ್ಲಿ ಕೆಲಸ ಮಾಡಿದ್ದ 36 ರೆಫರಿ, ಜಡ್ಜ್‌ಗಳಲ್ಲಿ ಒಬ್ಬರನ್ನೂ ಟೋಕಿಯೊಗೆ ಕರೆಯಲಿಲ್ಲ.

ಅಂದರೆ ಮೇರಿಯ ಪಂದ್ಯಕ್ಕೆ ಕೂತವರು ಆ ಹಳಬರಲ್ಲ. ಆದರೂ ಆಕೆ ತಾನೇ ಗೆದ್ದೆ ಅಂದುಕೊಂಡು ನಗುತ್ತಲೇ ರಿಂಗ್ ಇಳಿದರು. ಡೋಪಿಂಗ್ ಪರೀಕ್ಷೆಗೂ ಅದೇ ಖುಷಿಯಲ್ಲಿ ಹೋದರು. ಸೋತದ್ದು ಗೊತ್ತಾಗಿದ್ದು ಆಮೇಲೆ, ಸೋಷಿಯಲ್ ಮೀಡಿಯಾ ನೋಡಿದಾಗ.