ತಿಂಗಳಿಗೆ 50 ಡಾಲರ್: ಒಂದು ಕಿರುಕಾದಂಬರಿ ತರಗತಿಗೆ ಬಂದದ್ದು, ಹೊರಬಿದ್ದದ್ದು

ವೇಲ್ಸ್‌ನ ಶಾಲೆಗಳಲ್ಲಿ 2025ರ ಸೆಪ್ಟೆಂಬರ್‌ನಿಂದ ಶುರುವಾದ ಹೊಸ ಜಿಸಿಎಸ್‌ಇ (ಹದಿನಾರರ ಹರೆಯದಲ್ಲಿ ಬರೆಯುವ ಶಾಲಾ ಪರೀಕ್ಷೆ) ಪಠ್ಯಕ್ರಮದಲ್ಲಿ ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ ಕಿರುಕಾದಂಬರಿ ಇಲ್ಲ. ಕೃತಿಯಲ್ಲಿ ಮತ್ತೆ ಮತ್ತೆ ಬರುವ ಜನಾಂಗೀಯ ಬೈಗುಳವನ್ನು, ಇಡೀ ತರಗತಿಗೆ ತಾವೊಬ್ಬರೇ ಕಪ್ಪುವರ್ಣದವರಾಗಿ ಕೂತು ಕೇಳಬೇಕಾದ ಮಕ್ಕಳ ಸಂಕಟವನ್ನು ಅಲ್ಲಿನ ಮಕ್ಕಳ ಆಯುಕ್ತರು ಎತ್ತಿ ಹೇಳಿದ್ದರು. ಅದಕ್ಕೂ ಹತ್ತು ವರ್ಷ ಮೊದಲು ಇಂಗ್ಲೆಂಡಿನ ಪಠ್ಯದಿಂದ ಇದೇ ಪುಸ್ತಕ ಹೊರಬಿದ್ದದ್ದು ಬೇರೆಯೇ ಕಾರಣಕ್ಕೆ, ಅಮೆರಿಕದಲ್ಲಿ ತಕರಾರು ಎದ್ದದ್ದು ಮತ್ತೊಂದಿಷ್ಟು ಕಾರಣಗಳಿಗೆ. ಈ ಜಗಳಗಳ ನಡುವೆ ಪುಸ್ತಕದ ಮೂಲ ವಿಷಯವಾದ ಹೊಲದ ಕೂಲಿ ಮಾತ್ರ ಯಾರ ಗಮನಕ್ಕೂ ಹೆಚ್ಚಾಗಿ ಬೀಳಲಿಲ್ಲ ಎಂಬುದು ನನ್ನ ಎಣಿಕೆ.

ಸ್ಟೈನ್‌ಬೆಕ್ ಹುಟ್ಟಿದ್ದು 1902ರಲ್ಲಿ, ಕ್ಯಾಲಿಫೋರ್ನಿಯಾದ ಸಲೀನಸ್ ಊರಿನಲ್ಲಿ. ಹರೆಯದಲ್ಲಿ ಸ್ಪ್ರೆಕೆಲ್ಸ್ ಸಕ್ಕರೆ ಕಂಪನಿಯ ಹೊಲಗಳಲ್ಲಿ ದುಡಿದಿದ್ದ ಅವನು, ತಾನೂ ಕೆಲಕಾಲ ಕಂಬಳಿಗಂಟು ಹೊತ್ತು ತಿರುಗಿದ ಕೂಲಿಯವನೇ ಎಂದು 1937ರ ಸಂದರ್ಶನವೊಂದರಲ್ಲಿ ಹೇಳಿಕೊಂಡಿದ್ದಾನೆ. ಬುದ್ಧಿ ಬಲಿಯದ, ಮೈಕಸುವಿನ ಲೆನಿಯ ಪಾತ್ರಕ್ಕೂ ಅಂಥದೇ ಹೊಲದಲ್ಲಿ ಕಂಡ ಒಬ್ಬ ಮನುಷ್ಯ ಆಧಾರವಂತೆ. 1936ರಲ್ಲಿ ಹಸ್ತಪ್ರತಿಯ ಅರ್ಧದಷ್ಟನ್ನು ಅವನ ನಾಯಿಮರಿ ಒಂದೇ ರಾತ್ರಿಯಲ್ಲಿ ಹರಿದು ಚಿಂದಿ ಮಾಡಿತು. ಎರಡು ತಿಂಗಳ ಕೆಲಸವನ್ನು ಮತ್ತೆ ಮಾಡಬೇಕಾಯಿತು. 1937ರ ಫೆಬ್ರುವರಿಯಲ್ಲಿ ಪುಸ್ತಕ ಹೊರಬಂತು. ಅದೇ ನವೆಂಬರ್‌ನಲ್ಲಿ ನ್ಯೂಯಾರ್ಕಿನ ರಂಗಭೂಮಿಗೂ ಏರಿತು.

ಕಥೆಯ ಕೂಲಿಕಾರರು ಎಂಥವರು? ನಮ್ಮ ‘ಗುಳೆ’ ಎಂಬ ಮಾತು ಅವರಿಗೆ ಪೂರ್ತಿ ಒಗ್ಗುವುದಿಲ್ಲ. ಗುಳೆ ಹೊರಡುವುದೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ಹೆಂಡತಿ, ಮಕ್ಕಳು, ಪಾತ್ರೆಪಡಗ ಸಮೇತ ಹೊರಡುವುದು. ಧಾನ್ಯದ ಸುಗ್ಗಿಯನ್ನು ಬೆನ್ನಟ್ಟಿ ಊರೂರು ಅಲೆಯುತ್ತಿದ್ದ ಈ ಗಂಡಾಳುಗಳು ಒಂಟಿಗರು. ಉದ್ಯೋಗ ಕಚೇರಿ ಕೊಟ್ಟ ಚೀಟಿ ಹಿಡಿದು ಬಂದು, ತಿಂಗಳ ಪಗಾರ ಎಣಿಸಿಕೊಂಡು, ಅದನ್ನು ಪೇಟೆಯಲ್ಲಿ ಕರಗಿಸಿ, ಮುಂದಿನ ಹೊಲಕ್ಕೆ ನಡೆಯುವವರು. ಕಥೆಯ ಮುಖ್ಯಪಾತ್ರಗಳಾದ ಜಾರ್ಜ್ ಮತ್ತು ಅವನ ಗೆಳೆಯ ಲೆನಿ ಜೊತೆಯಾಗಿ ಬಂದದ್ದನ್ನು ಕಂಡು ಯಜಮಾನನಿಗೆ ಅನುಮಾನ ಹುಟ್ಟುವುದು ಇದರಿಂದಲೇ. ಇವನ ಕೂಲಿ ನೀನು ಹೊಡೆದುಕೊಳ್ಳುತ್ತೀಯಾ ಎಂದು ಅವನು ಜಾರ್ಜ್‌ನನ್ನು ಕೇಳುತ್ತಾನೆ.

ಆದರೆ ಪುಸ್ತಕ ಬರೆಯುವ ಹೊತ್ತಿಗೆ ಕಥೆ ನಡೆಯುವ ಸಲೀನಸ್ ಕಣಿವೆಯ ಚಿತ್ರ ಬದಲಾಗಿತ್ತು. ಕ್ಯಾಲಿಫೋರ್ನಿಯಾದ ದೊಡ್ಡ ಹೊಲಗಳನ್ನು ಚೀನೀಯರು, ಜಪಾನೀಯರು, ಪಂಜಾಬಿಗಳು, ಫಿಲಿಪಿನೋಗಳು, ಮೆಕ್ಸಿಕನ್ನರು ಒಬ್ಬರಾದ ಮೇಲೊಬ್ಬರು ದುಡಿದು ಬೆಳೆಸಿದ್ದರು. ಚೀನೀ ಕೂಲಿಕಾರರಿಗೆ 1882ರ ಕಾನೂನು, ಭಾರತೀಯರಿಗೆ 1917ರ ಕಾನೂನು ಅಮೆರಿಕದ ಬಾಗಿಲು ಮುಚ್ಚಿತ್ತು. 1936ರ ಶರತ್ಕಾಲದಲ್ಲಿ ಸಲೀನಸ್‌ನಲ್ಲೇ ಲೆಟ್ಯೂಸ್ ಸೊಪ್ಪಿನ ಕಾರ್ಮಿಕರ ಮುಷ್ಕರವನ್ನು ಬಲಪ್ರಯೋಗದಿಂದ ಮುರಿಯಲಾಯಿತು. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕು ಕೊಟ್ಟ ಕೇಂದ್ರ ಕಾನೂನು ಹೊಲದ ಕೂಲಿಗಳನ್ನು ಹೊರಗಿಟ್ಟಿತ್ತು. ಕಿರುಕಾದಂಬರಿಯಲ್ಲಿ ಮುಷ್ಕರವಿಲ್ಲ, ಸಂಘವಿಲ್ಲ, ಏಷ್ಯಾದ ಕೂಲಿಗಳೂ ಇಲ್ಲ. ಅದು ತುಸು ಹಿಂದಿನ, ಹೇಸರಗತ್ತೆಗಳಿಂದ ಬಾರ್ಲಿ ಸಾಗಿಸುತ್ತಿದ್ದ ಕಾಲದ ನೆನಪು. ಮೂವತ್ತರ ದಶಕದ ಹೊಲದ ಬದುಕಿನ ಪೂರ್ತಿ ಚಿತ್ರ ಇದು ಎಂದು ಪಾಠ ಮಾಡುವವರು ಈ ಅಂತರವನ್ನು ಮರೆಯುತ್ತಾರೆ.

ಪುಸ್ತಕ ತೋರಿಸುವುದನ್ನು ಮಾತ್ರ ಬಲು ಹತ್ತಿರದಿಂದ ತೋರಿಸುತ್ತದೆ. ಆಳುಗಳು ಮಲಗುವ ಉದ್ದನೆಯ ಕೋಣೆಯಲ್ಲಿ ಪ್ರತಿ ಹಾಸಿಗೆಯ ಮೇಲ್ಗಡೆ ಗೋಡೆಗೆ ಸೇಬಿನ ಪೆಟ್ಟಿಗೆಯೊಂದನ್ನು ಮೊಳೆ ಹೊಡೆದು ಕೂರಿಸಿದೆ. ಒಬ್ಬ ಮನುಷ್ಯನ ಆಸ್ತಿಯೆಲ್ಲ ಅದರೊಳಗೆ ಹಿಡಿಸಬೇಕು: ಸೋಪು, ಪೌಡರು, ಕ್ಷೌರದ ಕತ್ತಿ, ಒಂದೆರಡು ಅಗ್ಗದ ಪತ್ರಿಕೆ. ತನಗೆ ಕೊಟ್ಟ ಪೆಟ್ಟಿಗೆಯಲ್ಲಿ ಜಾರ್ಜ್‌ಗೆ ಹೇನು ಕೊಲ್ಲುವ ಪುಡಿಯ ಡಬ್ಬಿ ಸಿಗುತ್ತದೆ. ಲೆಕ್ಕವೂ ಅಷ್ಟೇ ಖಚಿತ. ತಿಂಗಳಿಗೆ 50 ಡಾಲರ್ ಕೂಲಿ. ಜಾರ್ಜ್, ಲೆನಿ ಸ್ವಂತಕ್ಕೆ ಕೊಳ್ಳಬೇಕೆಂದಿರುವ ಕನಸಿನ ತುಂಡುಭೂಮಿಗೆ 600 ಡಾಲರ್. ಅದೇ ಹೊಲದಲ್ಲಿ ಕೈ ಕಳೆದುಕೊಂಡ ಮುದುಕ ಕ್ಯಾಂಡಿಗೆ ಪರಿಹಾರವಾಗಿ ಬಂದದ್ದು 250 ಡಾಲರ್. ಮೂವರ ಕನಸು ಒಂದು ಗಳಿಗೆ ಕೈಗೆಟುಕಿದಂತೆ ಕಂಡರೆ ಅದಕ್ಕೆ ಕಾರಣ ಹೋದ ಆ ಕೈಯ ದುಡ್ಡು. ಪರೀಕ್ಷೆಯ ಕೈಪಿಡಿಗಳು ‘ಅಮೆರಿಕನ್ ಕನಸು’ ಎಂದು ತಲೆಬರಹ ಕೊಟ್ಟು ಮುಗಿಸುವುದು ಈ ಜಾಗವನ್ನೇ.

ತರಗತಿಗೆ ಈ ಪುಸ್ತಕ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಗುರುವಾರ ಸಂಜೆ ನದಿಯ ಮಡುವಿನ ಬಳಿ ಶುರುವಾದ ಕಥೆ ಭಾನುವಾರ ಸಂಜೆ ಅದೇ ಮಡುವಿನ ಬಳಿ ಮುಗಿಯುತ್ತದೆ; ಆರು ಭಾಗಗಳು, ಬೆರಳೆಣಿಕೆಯ ಜಾಗಗಳು, ನಾಟಕದಂಥ ಸಂಭಾಷಣೆ. ಓದಲು ಹಿಂಜರಿಯುವ ವಿದ್ಯಾರ್ಥಿಯೂ ಮುಗಿಸಬಲ್ಲ. ಈ ಅನುಕೂಲವೇ ಇಂಗ್ಲೆಂಡಿನಲ್ಲಿ ಮುಳುವಾಯಿತು. ಒಂದು ಪರೀಕ್ಷಾ ಮಂಡಳಿಗೆ ಒಂದು ವರ್ಷ ಕಾದಂಬರಿ ಓದಿ ಬರೆದ 2,80,000 ವಿದ್ಯಾರ್ಥಿಗಳಲ್ಲಿ 1,90,000ಕ್ಕೂ ಹೆಚ್ಚು ಮಂದಿ ಇದೊಂದನ್ನೇ ಓದಿದ್ದರೆಂದು ಶಿಕ್ಷಣ ಸಚಿವ ಮೈಕೆಲ್ ಗೋವ್ 2014ರಲ್ಲಿ ಬರೆದರು. ತಾವು ಯಾವ ಪುಸ್ತಕವನ್ನೂ ನಿಷೇಧಿಸಿಲ್ಲವೆಂದೂ ಹೇಳಿಕೊಂಡರು. ನಿಷೇಧ ಇರಲಿಲ್ಲ, ನಿಜ. ಆದರೆ 1914ರ ನಂತರದ ಕಥೆ ಅಥವಾ ನಾಟಕ ಬ್ರಿಟಿಷ್ ದ್ವೀಪಗಳದ್ದೇ ಆಗಿರಬೇಕೆಂಬ ಹೊಸ ನಿಯಮ ಬಂದಮೇಲೆ ಸಲೀನಸ್‌ನ ಕೂಲಿಗಳಿಗೆ ಜಾಗವೆಲ್ಲಿ?

ಅಮೆರಿಕದಲ್ಲಿ ಆಕ್ಷೇಪದ ಸ್ವರೂಪವೇ ಕಾಲಕ್ಕೆ ತಕ್ಕಂತೆ ತಿರುಗಿತು. ಮೊದಮೊದಲು ದೂರುತ್ತಿದ್ದವರಿಗೆ ದೇವರ ಹೆಸರೆತ್ತಿ ಬೈಯುವುದು, ಅಶ್ಲೀಲ ಮಾತು ದೊಡ್ಡ ಅಪರಾಧ. ಶಾಲೆ ಮತ್ತು ಗ್ರಂಥಾಲಯಗಳಲ್ಲಿ ಅತಿಹೆಚ್ಚು ತಕರಾರಿಗೆ ಒಳಗಾದ ಪುಸ್ತಕಗಳ ಪೈಕಿ 1990ರ ದಶಕದಲ್ಲಿ ಇದು ಆರನೆಯದು, ನಂತರದ ದಶಕದಲ್ಲಿ ಐದನೆಯದು ಎಂದು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಲೆಕ್ಕ ಕೊಟ್ಟಿತು. 2020ರ ಪಟ್ಟಿಯಲ್ಲಿ ಮತ್ತೆ ಬಂದಾಗ ದಾಖಲಾದ ಕಾರಣ ಜನಾಂಗೀಯ ಬೈಗುಳ ಮತ್ತು ವಿದ್ಯಾರ್ಥಿಗಳ ಮೇಲೆ ಅದರ ಪರಿಣಾಮ. ಈ ಎರಡನೆಯ ಆಕ್ಷೇಪವನ್ನು ಮೊದಲನೆಯದರ ಜೊತೆಗೆ ಒಂದೇ ಮೂಟೆಗೆ ಕಟ್ಟುವುದು ಸರಿಯಲ್ಲ. ಅದು ಮಡಿವಂತಿಕೆಯ ಮಾತಲ್ಲ, ಅವಮಾನವನ್ನು ಅನುಭವಿಸಿದವರ ಮಾತು.

ಟೆಕ್ಸಾಸ್‌ನಲ್ಲಿ ಪುಸ್ತಕ ನ್ಯಾಯಾಲಯದ ತೀರ್ಪನ್ನೇ ಹೊಕ್ಕಿತು. ಬೌದ್ಧಿಕ ಅಸಾಮರ್ಥ್ಯವುಳ್ಳವರನ್ನು ಗಲ್ಲಿಗೇರಿಸಕೂಡದೆಂದು 2002ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಯಾರು ಅಂಥವರು ಎಂದು ಅಳೆಯಲು ಹೊರಟ ಟೆಕ್ಸಾಸ್‌ನ ಮೇಲ್ಮನವಿ ನ್ಯಾಯಾಲಯ, ಲೆನಿಯಂಥವನಿಗೆ ವಿನಾಯಿತಿ ಸಲ್ಲಬೇಕೆಂದು ರಾಜ್ಯದ ಬಹುಪಾಲು ಜನ ಒಪ್ಪಿಯಾರು ಎಂದು 2004ರಲ್ಲಿ ಬರೆಯಿತು. ಕಥೆಯ ಪಾತ್ರವೊಂದು ಜೀವ ಉಳಿಸುವ, ತೆಗೆಯುವ ಅಳತೆಗೋಲಾದಾಗ ಸ್ಟೈನ್‌ಬೆಕ್‌ನ ಮಗ ಬಹಿರಂಗವಾಗಿ ಪ್ರತಿಭಟಿಸಿದ. 2017ರಲ್ಲಿ ಸುಪ್ರೀಂ ಕೋರ್ಟ್ ಟೆಕ್ಸಾಸ್‌ನ ಆ ಮಾನದಂಡಗಳನ್ನು ತಳ್ಳಿಹಾಕಿತು.

ಕಾನೂನಿನ ಪುಸ್ತಕವೊಂದು ಕಥೆಯೊಳಗೇ ಇದೆ. ಕುದುರೆಲಾಯದ ಪಕ್ಕದ ಜೀನುಕೋಣೆಯಲ್ಲಿ ಒಬ್ಬನೇ ಇರುವ ಬೆನ್ನು ಮುರಿದ ಕಪ್ಪು ಆಳು ಕ್ರೂಕ್ಸ್, 1905ರ ಕ್ಯಾಲಿಫೋರ್ನಿಯಾ ಸಿವಿಲ್ ಸಂಹಿತೆಯ ಜೀರ್ಣ ಪ್ರತಿಯೊಂದನ್ನು ಇಟ್ಟುಕೊಂಡಿದ್ದಾನೆ. ಯಜಮಾನನ ಸೊಸೆ ಬೆದರಿಸಿದಾಗ ಅದು ಅವನ ಸಹಾಯಕ್ಕೆ ಬರುವುದಿಲ್ಲ. ಹೊಲದ ಕೂಲಿಗಳಿಗೆ ಸಂಘ ಕಟ್ಟುವ, ಕೂಲಿಗಾಗಿ ಚೌಕಾಸಿ ಮಾಡುವ ಹಕ್ಕನ್ನು ಕ್ಯಾಲಿಫೋರ್ನಿಯಾದ ಕಾನೂನು ಮಾನ್ಯ ಮಾಡಿದ್ದು 1975ರಲ್ಲಿ. ಆ ಹೊತ್ತಿಗೆ ಸ್ಟೈನ್‌ಬೆಕ್ ತೀರಿಕೊಂಡು ಏಳು ವರ್ಷ ಸಮೀಪಿಸಿತ್ತು.